ನೆತ್ತಿಸೂರ್ಯನಿಗೆ ಬಿಳಿ ಪರದೆ

ಏಪ್ರಿಲ್ ತಿಂಗಳ ಕೊನೆಯ ದಿನಗಳಲ್ಲಿ, ಮಧ್ಯಾಹ್ನ 12 ಗಂಟೆ 25 ನಿಮಿಷದ ಸುಮಾರಿಗೆ, ಹಾವೇರಿ ತಾಲ್ಲೂಕಿನ ಕರ್ಜಗಿಯಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ನೆರಳು ಸಿಗುವುದಿಲ್ಲ. ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಬ್ಯಾಡಗಿ, ರಾಣೆಬೆನ್ನೂರುಗಳಲ್ಲೂ ಇದೇ ಕಥೆ, ಒಂದೆರಡು ದಿನ ಹೆಚ್ಚುಕಡಿಮೆ. ಆಗಸ್ಟ್ ಎರಡನೇ ವಾರದಲ್ಲಿ ಇನ್ನೊಮ್ಮೆ ಹೀಗಾಗುತ್ತದೆ, ಆದರೆ ಆಗ ಮಳೆಗಾಲದ ಮೋಡ ನೋಡಗೊಡುವುದು ಅಪರೂಪ. ಶಾಲೆಯ ಮಕ್ಕಳಿಗೆ ಇದು ಶೂನ್ಯ ನೆರಳಿನ ದಿನ, ಅಂಗಳದಲ್ಲಿ ಕೋಲು ನೆಟ್ಟು ನೋಡುವ ಸಂಭ್ರಮ. ಕ್ಯಾಮೆರಾ ಹಿಡಿದವರಿಗೆ ಮಾತ್ರ ಇದಕ್ಕಿಂತ ಕೆಟ್ಟ ಬೆಳಕು ವರ್ಷದಲ್ಲಿ ಮತ್ತೊಂದಿಲ್ಲ.

ಆ ಹೊತ್ತಿನಲ್ಲಿ ಯಾರದೇ ಮುಖದ ಚಿತ್ರ ತೆಗೆದರೂ ಹುಬ್ಬಿನ ಕೆಳಗೆ ಕಣ್ಣುಗಳ ಜಾಗದಲ್ಲಿ ಎರಡು ಕಪ್ಪು ಗುಳಿ ಕಾಣುತ್ತವೆ. ಮೂಗಿನ ನೆರಳು ತುಟಿಯ ಮೇಲೆ ಬಿದ್ದು ಇಲ್ಲದ ಮೀಸೆ ಮೂಡುತ್ತದೆ. ರುಮಾಲು ಸುತ್ತಿದ ಹಿರಿಯರಾದರೆ ಅರ್ಧ ಮುಖವೇ ಮಾಯ. ಹಣೆ ಮತ್ತು ಮೂಗಿನ ತುದಿ ಮಾತ್ರ ಎಣ್ಣೆ ಹಚ್ಚಿದಂತೆ ಹೊಳೆಯುತ್ತವೆ.

ಚಳಿಗಾಲಕ್ಕೆ ಕಾಯೋಣವೆಂದರೆ ಆಗಲೂ ಪೂರ್ತಿ ಬಿಡುಗಡೆಯಿಲ್ಲ. ಡಿಸೆಂಬರಿನ ಅತಿ ಚಿಕ್ಕ ಹಗಲಿನಲ್ಲೂ ಹಾವೇರಿಯ ಮಧ್ಯಾಹ್ನದ ಸೂರ್ಯ ದಿಗಂತದಿಂದ 52 ಡಿಗ್ರಿ ಮೇಲಿರುತ್ತಾನೆ. ಲಂಡನ್ನಿನಲ್ಲಿ ಅದೇ ದಿನ ಅವನು ಏರುವುದು ಬರೀ 15 ಡಿಗ್ರಿ. ಜೂನ್ ನಡುವಿನಲ್ಲೂ ಅಲ್ಲಿ 62 ಡಿಗ್ರಿ ದಾಟುವುದಿಲ್ಲ. ಯುರೋಪಿನಲ್ಲಿ ಬರೆದ ಛಾಯಾಗ್ರಹಣದ ಪುಸ್ತಕ ಓದಿ ಬಯಲುಸೀಮೆಗೆ ಬಂದವರು ಮೊದಲ ದಿನವೇ ತಬ್ಬಿಬ್ಬಾಗುವುದು ಇದಕ್ಕೇ.

ಹೊರಾಂಗಣ ಚಿತ್ರೀಕರಣಕ್ಕೆ ಬರುವ ಸಿನಿಮಾ ಯೂನಿಟ್ಟಿನ ಲಾರಿಯಲ್ಲಿ ಇದಕ್ಕೊಂದು ಉಪಾಯ ಮಡಚಿಕೊಂಡು ಕೂತಿರುತ್ತದೆ. ಪೈಪುಗಳನ್ನು ಜೋಡಿಸಿ ಚೌಕಟ್ಟು ಕಟ್ಟುತ್ತಾರೆ. 12 ಅಡಿಗೆ 12 ಅಡಿ, ಇಲ್ಲವೆ 20 ಅಡಿಗೆ 20 ಅಡಿ. ಅದಕ್ಕೆ ಬಿಳಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿ, ಎತ್ತರದ ಸ್ಟ್ಯಾಂಡುಗಳ ಮೇಲೆ ನಟರ ತಲೆಯ ಮೇಲ್ಗಡೆ ಮಲಗಿಸುತ್ತಾರೆ. ನಮ್ಮ ಲೈಟ್‌ಮನ್‌ಗಳ ಬಾಯಲ್ಲಿ ಇದು ಸ್ಕಿಮ್ಮರ್. ನೋಡಲು ನಾಲ್ಕು ಕಂಬದ ಬಡಪಾಯಿ ಹಂದರ. ಆದರೆ ಅದರ ಕೆಳಗೆ ನಿಂತವರ ಮುಖದಲ್ಲಿ ಕಣ್ಣುಗಳು ಮರಳಿ ಬರುತ್ತವೆ, ಕೆನ್ನೆಯ ಉಬ್ಬುತಗ್ಗು ಮೆದುವಾಗಿ ಕಾಣುತ್ತದೆ.

ಬಟ್ಟೆ ಬಿಸಿಲನ್ನು ಕಡಿಮೆ ಮಾಡಿತು, ಅದಕ್ಕೇ ಮುಖ ಚೆನ್ನಾಯಿತು ಎಂದು ಬಹಳ ಜನ ತಿಳಿಯುತ್ತಾರೆ. ಅದು ತಪ್ಪು. ಬೆಳಕು ಕಡಿಮೆಯಾಗುವುದೇ ಬೇರೆ, ಮೃದುವಾಗುವುದೇ ಬೇರೆ. ನೆರಳಿನ ಅಂಚು ಎಷ್ಟು ಹರಿತವಾಗಿರಬೇಕೆಂದು ತೀರ್ಮಾನಿಸುವುದು ಬೆಳಕಿನ ಮೂಲದ ಅಗಲ. ಸೂರ್ಯನ ನಿಜವಾದ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್ ಇದ್ದರೂ, 15 ಕೋಟಿ ಕಿಲೋಮೀಟರ್ ದೂರದಿಂದ ನಮಗೆ ಕಾಣುವುದು ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಬಿಲ್ಲೆ. ಅಷ್ಟು ಕಿರಿದಾದ ಮೂಲದಿಂದ ಬಂದ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿರುತ್ತವೆ. ನೆರಳಿನ ಅಂಚು ಮಸುಕಾಗುವುದು ವಸ್ತುವಿಗೂ ನೆರಳಿಗೂ ಇರುವ ದೂರದ ನೂರೆಂಟರಲ್ಲಿ ಒಂದು ಪಾಲು ಮಾತ್ರ. ಮೂಗಿನಿಂದ ಮೂರು ಸೆಂಟಿಮೀಟರ್ ಕೆಳಗೆ ಬಿದ್ದ ನೆರಳಿಗೆ ಈ ಮಸುಕು ಮಿಲಿಮೀಟರಿನ ಮೂರನೇ ಒಂದು ಭಾಗವೂ ಅಲ್ಲ. ಬ್ಲೇಡಿನಿಂದ ಕತ್ತರಿಸಿದ ಹಾಗೆ.

ಈಗ ನಡುವೆ ಬಟ್ಟೆ ಬಂತು. ಬಿಸಿಲು ನೂಲಿನ ಎಳೆಗಳಿಗೆ ಬಡಿದು, ಎಳೆಯಿಂದ ಎಳೆಗೆ ಚದುರಿ, ಎಲ್ಲ ದಿಕ್ಕಿಗೂ ಹೊರಬೀಳುತ್ತದೆ. ಕೆಳಗಿನ ಮುಖಕ್ಕೆ ಸೂರ್ಯ ಇನ್ನು ಕಾಣುವುದಿಲ್ಲ, ಹೊಳೆಯುವ ಬಟ್ಟೆ ಕಾಣುತ್ತದೆ. ಅದೇ ಹೊಸ ಸೂರ್ಯ. 20 ಅಡಿಯ, ಅಂದರೆ ಆರು ಮೀಟರಿನ ಚೌಕ ಮುಖದಿಂದ ಮೂರು ಮೀಟರ್ ಮೇಲಿದ್ದರೆ ಅದು ಅಂಚಿನಿಂದ ಅಂಚಿಗೆ 90 ಡಿಗ್ರಿ ವ್ಯಾಪಿಸುತ್ತದೆ. ಅರ್ಧ ಡಿಗ್ರಿಯ ಸೂರ್ಯ ಇದ್ದಲ್ಲಿ ಈಗ ಅದರ ನೂರೆಪ್ಪತ್ತು ಪಟ್ಟು ಅಗಲದ ದೀಪ. ಮೂಗಿನ ನೆರಳಿನ ಅಂಚು ಮೂಗಿಗಿಂತಲೂ ಅಗಲಕ್ಕೆ ಹರಡಿಕೊಂಡಾಗ ನೆರಳಿಗೆ ಉಳಿಯುವುದೇನು?

ಚೌಕಟ್ಟು ಎತ್ತರ ಹೋದಷ್ಟೂ ಬೆಳಕು ಗಡುಸಾಗುವುದೂ ಈ ಲೆಕ್ಕದಿಂದಲೇ. ಅದೇ 20 ಅಡಿಯ ಬಟ್ಟೆಯನ್ನು 12 ಮೀಟರ್ ಮೇಲಕ್ಕೆ ಏರಿಸಿದರೆ ಅದು ವ್ಯಾಪಿಸುವುದು 28 ಡಿಗ್ರಿ ಮಾತ್ರ. ಹಾಗಾಗಿ ಫ್ರೇಮಿನಲ್ಲಿ ಕಾಣದಿರುವಷ್ಟೇ ಎತ್ತರದಲ್ಲಿ, ಆದಷ್ಟೂ ತಲೆಗೆ ಹತ್ತಿರ ಇಡುವುದು ಅನುಭವಸ್ಥರ ಪದ್ಧತಿ. ಬಟ್ಟೆಯ ದಪ್ಪವೂ ಮುಖ್ಯ. ತೀರಾ ತೆಳುವಾದರೆ ಒಂದಿಷ್ಟು ಬಿಸಿಲು ಚದುರದೆ ನೇರವಾಗಿ ತೂರಿಬಂದು ಹಳೆಯ ನೆರಳು ತೆಳ್ಳಗೆ ಉಳಿದುಬಿಡುತ್ತದೆ. ದಪ್ಪ ಬಟ್ಟೆ ಪೂರ್ತಿ ಚದುರಿಸುತ್ತದೆ, ಆದರೆ ಮುಕ್ಕಾಲು ಪಾಲು ಬೆಳಕನ್ನು ತಾನೇ ನುಂಗಿಯೋ ಮೇಲಕ್ಕೆ ತಿರುಗಿಸಿಯೋ ಬಿಡುತ್ತದೆ.

ಕಡಿಮೆ ಬೆಳಕಿಗೂ ಮೃದು ಬೆಳಕಿಗೂ ಇರುವ ವ್ಯತ್ಯಾಸ ನೋಡಲು ಸಿನಿಮಾ ಸೆಟ್ಟಿಗೇ ಹೋಗಬೇಕಿಲ್ಲ. ರಾಣೆಬೆನ್ನೂರಿನ ಸುತ್ತ ಟೊಮೆಟೊ, ಮೆಣಸಿನಕಾಯಿಗಳ ಹೈಬ್ರಿಡ್ ಬೀಜೋತ್ಪಾದನೆ ದೊಡ್ಡ ಕಸುಬು. ಅಲ್ಲಿನ ನೆರಳು ಪರದೆಗಳ ಕೆಳಗೆ ನಿಂತರೆ ಸಾಕು. ಕಪ್ಪು ಅಥವಾ ಹಸಿರು ಪರದೆಯ ಎಳೆಗಳು ಬಿಸಿಲನ್ನು ತಡೆಯುತ್ತವೆ, ಕಿಂಡಿಗಳು ನೇರವಾಗಿ ಒಳಬಿಡುತ್ತವೆ. ಬೆಳಕು ಅರ್ಧಕ್ಕಿಳಿದರೂ ಅಂಗೈಯ ನೆರಳಿಗೆ ಸ್ಪಷ್ಟ ಅಂಚು ಇದ್ದೇ ಇರುತ್ತದೆ. ಬಿಳಿ ಪರದೆಯ ಎಳೆಗಳು ಹಾಗಲ್ಲ, ತಾವೇ ಬೆಳಕನ್ನು ಚದುರಿಸುತ್ತವೆ. ಗಿಡಗಳಿಗೂ ಈ ಚದುರಿದ ಬೆಳಕು ಇಷ್ಟ. ಅದು ಮೇಲಿನ ಎಲೆಗಳ ಸಂದಿಯಿಂದ ಓರೆಯಾಗಿ ನುಸುಳಿ ಕೆಳಗಿನ ಎಲೆಗಳನ್ನೂ ತಲುಪುತ್ತದೆ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟುಬೊ ಜ್ವಾಲಾಮುಖಿ ಸಿಡಿದು ಇಡೀ ಭೂಮಿಯ ಮೇಲೆ ಸಣ್ಣ ಕಣಗಳ ತೆಳು ಪರದೆ ಹಾಸಿತ್ತು. ಅಮೆರಿಕದ ಹಾರ್ವರ್ಡ್ ಅರಣ್ಯದಲ್ಲಿ ಅದರ ಮರುವರ್ಷ, ಮೋಡವಿಲ್ಲದ ಮಧ್ಯಾಹ್ನಗಳಲ್ಲಿ, ಮರಗಳ ದ್ಯುತಿಸಂಶ್ಲೇಷಣೆ ಹೆಚ್ಚಿದ್ದನ್ನು ವಿಜ್ಞಾನಿಗಳು 2003ರಲ್ಲಿ ವರದಿ ಮಾಡಿದರು. ನೆಲಕ್ಕೆ ಬಂದ ನೇರ ಬಿಸಿಲು ಕಡಿಮೆಯಾಗಿತ್ತು, ಚದುರಿದ ಬೆಳಕು ಹೆಚ್ಚಾಗಿತ್ತು.

ಸಿನಿಮಾದಲ್ಲಿ ಬೆಳಕು ಚದುರಿಸುವ ಈ ಉಪಾಯ ಸಿನಿಮಾದಷ್ಟೇ ಹಳೆಯದು. ಫ್ರಾನ್ಸಿನ ಜಾರ್ಜ್ ಮೆಲಿಯೆ 1897ರಲ್ಲಿ ಮಾಂತ್ರೋಯಿಯಲ್ಲಿ ಕಟ್ಟಿದ ಸ್ಟುಡಿಯೊ ಒಂದು ಗಾಜಿನ ಮನೆ. ಬಿಸಿಲು ಚದುರಲೆಂದು ಅದರ ಬಹುಪಾಲು ಗಾಜು ಮಸುಕಾಗಿತ್ತು. ಹಾಲಿವುಡ್ಡಿನ ಆರಂಭದ ದಿನಗಳಲ್ಲಿ ಚಾವಣಿಯಿಲ್ಲದ ವೇದಿಕೆಗಳ ಮೇಲೆ ತೆಳು ಹತ್ತಿಬಟ್ಟೆ ಎಳೆದು ಶೂಟಿಂಗ್ ಮಾಡುತ್ತಿದ್ದರು. ಭಾರತದಲ್ಲಿ ಇದಕ್ಕೆ ಹೊಸ ತಿರುವು ಕೊಟ್ಟವರು ಛಾಯಾಗ್ರಾಹಕ ಸುಬ್ರತ ಮಿತ್ರ. ಸತ್ಯಜಿತ್ ರಾಯ್ ಅವರ 1956ರ ‘ಅಪರಾಜಿತೊ’ಗೆ ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೊದಲ್ಲಿ ಕಟ್ಟಿದ್ದರು. ಅಂಥ ಅಂಗಳಕ್ಕೆ ಮೇಲಿನ ಆಕಾಶದಿಂದ ನೆರಳಿಲ್ಲದ ಬೆಳಕು ಇಳಿಯುತ್ತದೆ. ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ದೀಪಗಳನ್ನು ಕೆಳಗಿನಿಂದ ಅದರತ್ತ ತಿರುಗಿಸಿ, ಮರಳಿ ಬಿದ್ದ ಬೆಳಕಿನಲ್ಲಿ ಚಿತ್ರೀಕರಿಸಿದರು. ಸೆಟ್ ಎಂದು ನಂಬುವುದೇ ಕಷ್ಟ.

ಬೆಳಕನ್ನು ಬೇಕೆಂದೇ ಗಡುಸಾಗಿಟ್ಟ ಕನ್ನಡಿಗರೊಬ್ಬರನ್ನೂ ಇಲ್ಲಿ ನೆನೆಯಬೇಕು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ಗಾಗಿ ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಸ್ಟುಡಿಯೊದೊಳಕ್ಕೆ ತಿರುಗಿಸಿದರು. ಕತ್ತಲಲ್ಲಿ ಕಂಬದಂತೆ ಇಳಿಯುವ ಆ ಕಿರಣ ಭಾರತೀಯ ಸಿನಿಮಾದ ಅತ್ಯಂತ ಹೆಸರಾದ ಬೆಳಕು. ಸಪಾಟು ಕನ್ನಡಿ ಸೂರ್ಯನ ದಿಕ್ಕನ್ನು ಬದಲಿಸುತ್ತದೆಯೇ ಹೊರತು ಅವನ ಅರ್ಧ ಡಿಗ್ರಿಯನ್ನು ಹಿಗ್ಗಿಸುವುದಿಲ್ಲ. ಅಲ್ಲಿ ಬಟ್ಟೆ ಕಟ್ಟಿದ್ದರೆ ಕಿರಣವೇ ಇರುತ್ತಿರಲಿಲ್ಲ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರೇ.

ಸ್ಕಿಮ್ಮರಿನ ನಿಜವಾದ ತಲೆನೋವು ಅದರ ಕೆಳಗಿಲ್ಲ, ಹಿಂದಿದೆ. ನಟ ಬಟ್ಟೆಯ ಕೆಳಗೆ, ಹಿನ್ನೆಲೆಯ ಹೊಲ ಉರಿಬಿಸಿಲಿನಲ್ಲಿ. ಬಟ್ಟೆ ಮುಕ್ಕಾಲು ಬೆಳಕು ತಿಂದರೆ ಹಿನ್ನೆಲೆ ಮುಖಕ್ಕಿಂತ ನಾಲ್ಕು ಪಟ್ಟು ಪ್ರಖರ. ಮುಖಕ್ಕೆ ಸರಿಹೋಗುವಂತೆ ಕ್ಯಾಮೆರಾ ತೆರೆದರೆ ಹಿಂದಿನ ಸುಣ್ಣದ ಗೋಡೆ ಬಿಳಿ ಕಾಗದವಾಗುತ್ತದೆ. ಹುಣಸೆಮರದ ದಟ್ಟ ಹಸಿರನ್ನೋ ಮನೆಯ ನೆರಳಿನ ಬದಿಯನ್ನೋ ಹಿಂದಿಟ್ಟುಕೊಂಡು ಕೋನ ಆರಿಸುವುದು ಜಾಣತನ. ದುಡ್ಡಿದ್ದವರು ಜನರೇಟರ್ ತರಿಸಿ, ಬಟ್ಟೆಯ ಕೆಳಗೆ ಪಕ್ಕದಿಂದ ದೊಡ್ಡ ದೀಪ ಹಾಕಿ ಮುಖದ ಬೆಳಕನ್ನು ಮೇಲೆತ್ತುತ್ತಾರೆ. ಬಿಸಿಲನ್ನು ಇಳಿಸಲು ಬಟ್ಟೆ ಕಟ್ಟಿ, ಆ ಬಟ್ಟೆಯ ಕೆಳಗೆ ಹಗಲು ದೀಪ ಹಚ್ಚುವುದನ್ನು ಕಂಡು ಊರವರು ನಕ್ಕರೆ ತಪ್ಪೇನಿಲ್ಲ.

ನೆಲವೂ ಸುಮ್ಮನಿರುವುದಿಲ್ಲ. ಹಾವೇರಿ ಕಡೆಯ ಎರಿಭೂಮಿ ಬಿದ್ದ ಬೆಳಕಿನಲ್ಲಿ ಹತ್ತರಲ್ಲೊಂದು ಪಾಲಿನಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಒಣ ಮರಳು ಅದರ ಮೂರು ಪಟ್ಟಿನ ಆಸುಪಾಸು. ವರದಾ ನದಿಯ ದಂಡೆಯ ಮರಳಿನ ಮೇಲೆ ನಿಂತವರ ಗಲ್ಲದ ಕೆಳಗೆ ತಾನಾಗಿಯೇ ಬೆಳಕು ತುಂಬುತ್ತದೆ. ಉತ್ತ ಕರಿನೆಲದಲ್ಲಿ ನಿಂತವರಿಗೆ ಕೆಳಗಿನಿಂದ ಥರ್ಮಾಕೋಲ್ ಹಲಗೆ ಹಿಡಿಯಬೇಕು. ಬ್ಯಾಡಗಿಯಲ್ಲಿ ಒಣಹಾಕಿದ ಮೆಣಸಿನಕಾಯಿಯ ರಾಶಿಗಳ ನಡುವೆ ಚಿತ್ರ ತೆಗೆಯುವುದಂತೂ ಬೇರೆಯದೇ ಪರೀಕ್ಷೆ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಕಾಯಿ ಅದು. ಅದರ ಸಿಪ್ಪೆ ನೀಲಿ, ಹಸಿರನ್ನು ಹೀರಿ ಕೆಂಪನ್ನಷ್ಟೇ ಚಿಮ್ಮಿಸುತ್ತದೆ. ಕಾಯಿ ಆರಿಸುತ್ತ ಕೂತ ಹೆಣ್ಣುಮಕ್ಕಳ ಮುಖಕ್ಕೆ ಮೇಲಿನಿಂದ ಬಿಳಿ ಬೆಳಕು, ಕೆಳಗಿನಿಂದ ಕೆಂಪು. ಒಂದೇ ಮುಖದಲ್ಲಿ ಎರಡು ಬಣ್ಣವಾದ್ದರಿಂದ ಕ್ಯಾಮೆರಾದ ಬಣ್ಣ ಹೊಂದಿಸಿ ಇದನ್ನು ತೆಗೆಯಲಾಗದು. ಮದುವೆಯ ಫೋಟೊ ತೆಗೆಯುವವರಿಗೆ ಇದರ ಸೋದರ ಸಮಸ್ಯೆ ಗೊತ್ತು: ಹಳದಿ-ಕೆಂಪು ಪಟ್ಟೆಯ ಪೆಂಡಾಲಿನ ಕೆಳಗೆ ಬೀಗರೆಲ್ಲ ಕಾಮಾಲೆಯಾದವರಂತೆ ಕಾಣುತ್ತಾರೆ. ಸ್ಕಿಮ್ಮರಿಗೆ ಅಚ್ಚಬಿಳಿ ಬಟ್ಟೆಯೇ ಆಗಬೇಕೆಂಬ ಹಟ ಸುಮ್ಮನೆ ಬಂದದ್ದಲ್ಲ.

ಇನ್ನು ಗಾಳಿ. ಆರು ಮೀಟರ್ ಚೌಕವೆಂದರೆ 36 ಚದರ ಮೀಟರಿನ ಹಾಯಿ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಅದಕ್ಕೆ ಎದುರಾಗಿ ಬಡಿದರೆ ಇನ್ನೂರು ಕಿಲೋಗೂ ಮೀರಿದ ಭಾರದಷ್ಟು ತಳ್ಳುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ತಳ್ಳು ನಾಲ್ಕು ಪಟ್ಟು. ಬಟ್ಟೆ ಮಲಗಿದ್ದಾಗ ಗಾಳಿ ಮೇಲೂ ಕೆಳಗೂ ಜಾರಿಹೋಗುತ್ತದೆ, ಆದರೆ ಒಂದು ಅಂಚು ತುಸು ಎದ್ದರೂ ಇಡೀ ಚೌಕಟ್ಟು ವಿಮಾನದ ರೆಕ್ಕೆಯಾಗುತ್ತದೆ. ನಾಲ್ಕು ಮೂಲೆಗೂ ಹಗ್ಗ, ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ, ಹಗ್ಗಕ್ಕೊಬ್ಬ ಆಳು ಬೇಕೇ ಬೇಕು. ಮುಂಗಾರಿನ ಪಡುವಣ ಗಾಳಿ ಬೀಸುವ ಜೂನ್-ಜುಲೈನಲ್ಲಿ ಬಯಲಿನಲ್ಲಿ ಸ್ಕಿಮ್ಮರ್ ಎತ್ತುವುದು ಧೈರ್ಯವಲ್ಲ, ಮೊಂಡುತನ.

ಎಲ್ಲಕ್ಕಿಂತ ದೊಡ್ಡ ಸ್ಕಿಮ್ಮರ್ ಮೋಡವೇ. ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಅನ್ನು ಎಸ್. ರಾಮಚಂದ್ರ ಆಗುಂಬೆಯಲ್ಲಿ ಚಿತ್ರೀಕರಿಸಿದರು. ಮಲೆನಾಡಿನ ಮೋಡ, ಮರದ ನೆರಳು, ಅಗಲ ಜಗಲಿ ಆ ಊರಿಗೆ ಹುಟ್ಟಿನಿಂದ ಬಂದ ಆಸ್ತಿ. ಆದರೆ ಮೋಡ ನಿರ್ದೇಶಕರ ಮಾತು ಕೇಳುವುದಿಲ್ಲ. ಮುಸ್ಸಂಜೆಯ ಬೆಳಕೂ ಅಷ್ಟೇ. ರಾಮನಗರದ ಬಂಡೆಗಳ ನಡುವೆ 1973ರ ಅಕ್ಟೋಬರಿನಲ್ಲಿ ಶುರುವಾದ ‘ಶೋಲೆ’ ಚಿತ್ರೀಕರಣದಲ್ಲಿ, ಜಯಾ ಬಚ್ಚನ್ ಅವರ ಸಂಜೆ ದೀಪಗಳ ಪುಟ್ಟ ದೃಶ್ಯಗಳಿಗೆ 20 ದಿನ ಹಿಡಿಯಿತು. ಬೇಕಾದ ಬೆಳಕು ದಿನಕ್ಕೆ ಕೆಲವೇ ನಿಮಿಷ ಸಿಗುತ್ತಿತ್ತು. ಅಂಥ ಕಾಯುವಿಕೆಗೆ ಇವತ್ತಿನ ನಿರ್ಮಾಪಕರ ಬಳಿ ದಿನಗಳಿಲ್ಲ. ಬಟ್ಟೆಯ ಬೆಳಕು ಹನ್ನೊಂದಕ್ಕೆ ಇದ್ದಂತೆಯೇ ಎರಡಕ್ಕೂ ಇರುತ್ತದೆ. ಬಾಡಿಗೆ ಕೊಡುವುದು ಮೃದುತ್ವಕ್ಕಿಂತ ಈ ಸ್ಥಿರತೆಗೇ ಎಂದರೂ ನಡೆಯುತ್ತದೆ.

ಮತ್ತೆ ಕರ್ಜಗಿಗೆ ಬಂದರೆ, ಅಲ್ಲಿನ ಎತ್ತುಗಳ ಹಬ್ಬ ಕಾರಹುಣ್ಣಿಮೆ ಸುತ್ತಲಿನ ಊರುಗಳಲ್ಲೆಲ್ಲ ಹೆಸರುವಾಸಿ. ಸಿಂಗರಿಸಿದ ಎತ್ತುಗಳನ್ನೂ ನೆರೆದ ಜನರನ್ನೂ ಸೆರೆಹಿಡಿಯಲು ಹೊರಟವರಿಗೆ ಸ್ಕಿಮ್ಮರ್ ಉಪಯೋಗಕ್ಕೆ ಬಾರದು. ಓಡುವ ಎತ್ತಿನ ಮೇಲೆ ಹಂದರ ಹಿಡಿಯುವವರಾರು? ಆ ದಿನಗಳಲ್ಲಿ ನಡುಹಗಲಿನ ಸೂರ್ಯ ನೆತ್ತಿಯನ್ನೂ ದಾಟಿ ಎಂಟು ಡಿಗ್ರಿಯಷ್ಟು ಉತ್ತರಕ್ಕೆ ವಾಲಿರುತ್ತಾನೆ. ಹಾಗಾಗಿ ದೂರದ, ಅಗಲದ ಚಿತ್ರಗಳನ್ನು ಬೆಳಗ್ಗೆ ಒಂಬತ್ತರೊಳಗೆ, ಸಂಜೆ ಐದರ ಮೇಲೆ ಮುಗಿಸಿ, ಹಿರಿಯರನ್ನು ಮಾತಾಡಿಸುವ ಹತ್ತಿರದ ಶಾಟುಗಳನ್ನು ನಡುಹಗಲಿಗೆ ಉಳಿಸಿಕೊಳ್ಳುವುದು ವಾಸಿ. ಅದಕ್ಕೆ ಯಾವುದಾದರೂ ಮನೆಯ ಗೋಡೆಯ ಮರೆಯಲ್ಲಿ, ಗಾಳಿ ತಾಗದಂತೆ, 12 ಅಡಿಯ ಚಿಕ್ಕ ಚೌಕಟ್ಟು ಸಾಕು. ಬೆಳಗಿನ ಶಾಟಿನಲ್ಲಿ ಬಿಸಿಲು ಬಲಗಡೆಯಿಂದ ಬಂದಿದ್ದರೆ ಮಧ್ಯಾಹ್ನದ ಥರ್ಮಾಕೋಲನ್ನೂ ಬಲಗಡೆಗೇ ಹಿಡಿಯಬೇಕು. ಇಲ್ಲವಾದರೆ ಎಡಿಟಿಂಗ್ ಮೇಜಿನ ಮೇಲೆ ಎರಡೂ ಒಂದಕ್ಕೊಂದು ಹೊಂದುವುದಿಲ್ಲ.