ಹಬೆಯಿಂದ ನೆಲ, ಜಲ ಶುದ್ಧಿ

ರಾಸಾಯನಿಕ ಎಣ್ಣೆಗಳು ನೆಲಕ್ಕಿಳಿದು ಅಂತರ್ಜಲವನ್ನು ಸೇರಿದರೆ ಸುತ್ತಲಿನ ಬಾವಿಗಳಿಗೆಲ್ಲ ಅಪಾಯ. ಎಣ್ಣೆಯು ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವುದರಿಂದ ನೀರನ್ನು ಎಷ್ಟು ಎತ್ತಿ ಹೊರಹಾಕಿದರೂ ಬೇಗ ಬಿಡುವುದಿಲ್ಲ. ಜಿಡ್ಡಿನ ಪಾತ್ರೆಗೆ ತಣ್ಣೀರಿಗಿಂತ ಬಿಸಿನೀರು ಮೇಲು. ಹಬೆ ವಿಧಾನದ ತತ್ವವೂ ಇದೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವೈಸೇಲಿಯ ಎಂಬುದು ಬೇಸಾಯದ ಸೀಮೆಯ ಊರು. ಅಲ್ಲಿ ಮರದ ವಿದ್ಯುತ್ ಕಂಬಗಳು ಕೊಳೆಯದಂತೆ ಕ್ರಿಯೋಸೋಟ್ ಎಣ್ಣೆ ಹಾಗೂ ಪೆಂಟಾಕ್ಲೋರೋಫಿನಾಲ್ ಉಣಿಸುವ ಕೆಲಸ 1980ರವರೆಗೆ ನಡೆಯಿತು. ಸೋರಿದ ವಿಷ ಅಂತರ್ಜಲಕ್ಕಿಳಿಯಿತು. ವರ್ಷಗಟ್ಟಲೆ ಪಂಪಿನಿಂದ ನೀರೆತ್ತಿ ಶುದ್ಧಿ ಮಾಡಿದರೂ ದೊರೆತ ಫಲ ಅಲ್ಪ.

ಆದ್ದರಿಂದ 1997ರಿಂದ 2000ದವರೆಗೆ ಹಬೆಯನ್ನು ಬಳಸಲಾಯಿತು. ಸುತ್ತಲೂ ಕೊರೆದ ಬಾವಿಗಳ ಮೂಲಕ 80 ಅಡಿಗೂ ಆಳಕ್ಕೆ ಹಬೆಯನ್ನು ನೂಕಲಾಯಿತು. ಕಾವಿಗೆ ಎಣ್ಣೆ ತೆಳುವಾಗಿ ಹರಿಯಿತು. ಒಂದು ಭಾಗ ಆವಿಯಾಯಿತು. ನಡುವಿನ ಬಾವಿಗಳಿಂದ ಇವೆಲ್ಲವನ್ನೂ ಹೀರಿ ಸಂಸ್ಕರಿಸಲಾಯಿತು. ಹೀಗೆ ಸುಮಾರು 600 ಟನ್ ವಿಷವಸ್ತು ಹೊರಬಂದಿತು ಇಲ್ಲವೇ ನೆಲದಲ್ಲೇ ನಾಶವಾಯಿತು. 2009ರಲ್ಲಿ ಆ ಸ್ಥಳವನ್ನು ರಾಷ್ಟ್ರದ ಅಪಾಯಕಾರಿ ತಾಣಗಳ ಪಟ್ಟಿಯಿಂದ ತೆಗೆಯಲಾಯಿತು.

ಈ ವಿಧಾನಕ್ಕೆ ಮಿತಿಗಳುಂಟು. ಇಂಧನದ ಖರ್ಚು ಬಹಳ. ಜೇಡಿಮಣ್ಣಿನಲ್ಲಿ ಹಬೆ ಸುಲಭವಾಗಿ ಹರಡದು. ಸೀಸ, ಕ್ಯಾಡ್ಮಿಯಂನಂತಹ ಲೋಹಗಳಾಗಲಿ, ನೈಟ್ರೇಟ್ ಆಗಲಿ ಹಬೆಯೊಡನೆ ಆವಿಯಾಗಿ ಹೋಗುವುದಿಲ್ಲ. ಹೊರಬರುವ ಆವಿಯನ್ನು ಹಿಡಿಯದಿದ್ದರೆ ನೆಲದ ವಿಷ ಗಾಳಿಗೆ ಸೇರುತ್ತದೆ. ಆದ್ದರಿಂದ ಇದು ರೈತರು ತಾವಾಗಿಯೇ ಮಾಡುವ ಕೆಲಸವಲ್ಲ.

ಕೆಟ್ಟ ಅಂತರ್ಜಲವನ್ನು ಸರಿಪಡಿಸುವುದಕ್ಕಿಂತ ಕೆಡದಂತೆ ಕಾಯುವುದೇ ಅಗ್ಗ. ರೈತ ಬಾಂಧವರು ಪಂಪ್‌ಸೆಟ್ಟಿನ ಹಳೆಯ ಆಯಿಲನ್ನು ನೆಲಕ್ಕೆ ಚೆಲ್ಲಬಾರದು. ಬಾವಿಯ ಬಳಿ ಕೀಟನಾಶಕ ಬೆರೆಸುವುದಾಗಲಿ, ಸಿಂಪರಣಾ ಯಂತ್ರ ತೊಳೆಯುವುದಾಗಲಿ ಸಲ್ಲದು.