ಚಾರ್ಜ್ ಶೇ. 79 ಆಯ್ತು ಅಂತ ಫೋನ್‌ಗೆ ಹೇಳೋದು ಯಾರು? ಒಳಗಿನ 'ನೀರುಗಂಟಿ'ಗಳ ಕೆಲಸ ಹೀಗಿದೆ

ಫೋನ್ ಮೂಲೆಯಲ್ಲಿ ಶೇ. 80 ಇದ್ದ ಚಾರ್ಜ್ ಸ್ವಲ್ಪ ಹೊತ್ತಿಗೆ ಶೇ. 79 ಆಗುತ್ತೆ. ನಾವು ಕೇಳದಿದ್ರೂ ಲೆಕ್ಕ ಬದಲಾಗುತ್ತೆ. ಒಳಗೆ ಯಾರೋ ಆಗಾಗ ಹೋಗಿ ಬ್ಯಾಟರಿ ನೋಡಿಕೊಂಡು ಬರ್ತಿದ್ದಾರೆ ಅಂತಾಯ್ತು. ಈ ಕೆಲಸ ಮಾಡೋದು ಕರ್ನಲ್ ಥ್ರೆಡ್‌ಗಳು. ಅಂಗಡಿ ಲೆಕ್ಕ ಕಂಪ್ಯೂಟರ್‌ನಲ್ಲಿ ಇಡುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಡ್ರೈವರ್ ಅಂದ್ರೇನು?

ಆಪರೇಟಿಂಗ್ ಸಿಸ್ಟಂನ ತಿರುಳೇ ಕರ್ನಲ್. ಆಂಡ್ರಾಯ್ಡ್ ಫೋನ್‌ಗಳಲ್ಲಿ ಇರುವುದು 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸ್ ಕರ್ನಲ್. ಬ್ಯಾಟರಿ, ಪ್ರಿಂಟರ್, ಮೆಮೊರಿ ಕಾರ್ಡ್ ಹೀಗೆ ಒಂದೊಂದು ಸಾಧನದ ಜೊತೆ ವ್ಯವಹರಿಸುವ ಪ್ರೋಗ್ರಾಂಗೆ ಡ್ರೈವರ್ ಎನ್ನುತ್ತಾರೆ.

ಟಚ್‌ಸ್ಕ್ರೀನ್ ಮುಟ್ಟಿದರೆ ಅದೇ ಪ್ರೊಸೆಸರ್‌ಗೆ ಕೂಗಿ ಹೇಳುತ್ತೆ. ಆದರೆ ಕೆಲವು ಸಾಧನಗಳು ಸುಮ್ಮನಿರುತ್ತವೆ. ಊರಿನ ಟ್ಯಾಂಕ್ ತುಂಬಿತು ಅಂತ ಟ್ಯಾಂಕೇ ಬಂದು ಹೇಳುತ್ತಾ? ನೀರುಗಂಟಿ ಹೋಗಿ ನೋಡಬೇಕು. ಹಲವು ಫೋನ್‌ಗಳಲ್ಲಿ ಬ್ಯಾಟರಿ ಮಟ್ಟ, ಬಿಸಿ ಎರಡನ್ನೂ ಹೀಗೇ ಸರದಿ ಪ್ರಕಾರ ನೋಡಲಾಗುತ್ತೆ.

ಟೈಮರ್ ಒಂದೇ ಸಾಲದೇ?

ಸಾಲದು. ಲಿನಕ್ಸ್‌ನಲ್ಲಿ ಟೈಮರ್ ಬಡಿದಾಗ ಓಡುವ ಕೆಲಸ ಮಧ್ಯದಲ್ಲಿ ಕಾಯುವಂತಿಲ್ಲ, ನಿದ್ದೆ ಮಾಡುವಂತಿಲ್ಲ. ಬ್ಯಾಟರಿ ಚಿಪ್ ಉತ್ತರ ಕೊಡೋಕೆ ಪ್ರೊಸೆಸರ್ ಲೆಕ್ಕದಲ್ಲಿ ಬಹಳ ಹೊತ್ತು ಬೇಕು. ಅಲ್ಲೇ ಕಾಯ್ತಾ ಕೂತರೆ ಉಳಿದ ಕೆಲಸವೆಲ್ಲ ನಿಲ್ಲುತ್ತೆ.

ಅದಕ್ಕೇ ಟೈಮರ್ ಬರೀ ಥ್ರೆಡ್ಡನ್ನು ಎಬ್ಬಿಸುತ್ತೆ. ಥ್ರೆಡ್ ಚಿಪ್ಪನ್ನು ಕೇಳಿ, ಉತ್ತರ ಬರೋವರೆಗೆ ಮಲಗುತ್ತೆ. ಆ ಹೊತ್ತಲ್ಲಿ ಪ್ರೊಸೆಸರ್ ಬೇರೆ ಕೆಲಸ ನೋಡಿಕೊಳ್ಳುತ್ತೆ. ಕೆಲಸ ಮುಗಿದ ಮೇಲೆ ಮುಂದಿನ ಸರದಿಗೆ ಅಲಾರಾಂ ಇಟ್ಟು ಹೋಗುತ್ತೆ. ಮೊದಲು ಹಲವು ಡ್ರೈವರ್‌ಗಳು ತಮ್ಮದೇ ಥ್ರೆಡ್ ಇಟ್ಟುಕೊಳ್ಳುತ್ತಿದ್ದವು. 2010ರಲ್ಲಿ ಟೆಜುನ್ ಹಿಯೊ ಮಾಡಿದ ಬದಲಾವಣೆಯಿಂದ ಎಲ್ಲರಿಗೂ ಸೇರಿ ಕೆಲಸಗಾರರ ಒಂದೇ ಗುಂಪು ಬಂತು. ಇವಕ್ಕೆ 'ಕೆವರ್ಕರ್' ಅಂತ ಹೆಸರು.

ಎಡವೋದು ಎಲ್ಲಿ?

ಡ್ರೈವರ್ ಬರೆದವರು ಸರದಿಯನ್ನು ತೀರಾ ಹತ್ತಿರ ಇಟ್ಟರೆ ಪ್ರೊಸೆಸರ್‌ಗೆ ನಿದ್ದೆಯೇ ಇಲ್ಲ. ಬ್ಯಾಟರಿ ಬೇಗ ಇಳಿಯುತ್ತೆ. ತೀರಾ ದೂರ ಇಟ್ಟರೆ ಹಳೇ ಲೆಕ್ಕ ತೋರಿಸುತ್ತೆ. ಸಾಧನ ತೆಗೆದ ಮೇಲೂ ಸರದಿ ನಿಲ್ಲಿಸೋದು ಮರೆತರೆ ಇನ್ನೂ ಕಷ್ಟ. ಆ್ಯಪ್ ಕೆಟ್ಟರೆ ಆ್ಯಪ್ ಮಾತ್ರ ಹೋಗುತ್ತೆ, ಕರ್ನಲ್ ಒಳಗಿನ ಕೆಲಸ ಕೆಟ್ಟರೆ ಇಡೀ ಯಂತ್ರವೇ ನಿಲ್ಲಬಹುದು.

ಅಂಗಡಿ ಲೆಕ್ಕಕ್ಕೇನು ಸಂಬಂಧ?

ಫೈಲ್ ಸೇವ್ ಮಾಡಿದ ಕೂಡಲೇ ಅದು ಡಿಸ್ಕ್ ಅಥವಾ ಪೆನ್‌ಡ್ರೈವ್‌ಗೆ ಹೋಗಿರಲೇಬೇಕು ಅಂತಿಲ್ಲ. ಲಿನಕ್ಸ್‌ನಲ್ಲಿ ಇದಕ್ಕೂ ಇಂಥದ್ದೇ ಥ್ರೆಡ್ ಇದೆ. ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಎದ್ದು, ಮೆಮೊರಿಯಲ್ಲಿ 30 ಸೆಕೆಂಡ್ ದಾಟಿದ ಮಾಹಿತಿಯನ್ನು ಬರೆಯುತ್ತೆ. ಅಷ್ಟರಲ್ಲಿ ಕರೆಂಟ್ ಹೋದರೆ, ಇಲ್ಲವೇ ಪೆನ್‌ಡ್ರೈವ್ ಕಿತ್ತರೆ, ಸ್ಕ್ರೀನ್ ಮೇಲೆ ಸೇವ್ ಆದ ಲೆಕ್ಕ ಕೈಗೆ ಸಿಗದೇ ಹೋಗಬಹುದು.

ಏನು ಮಾಡಬೇಕು?

* ಪೆನ್‌ಡ್ರೈವ್ ಕೀಳುವ ಮುಂಚೆ 'ಎಜೆಕ್ಟ್' ಒತ್ತಿ. ಬಾಕಿ ಬರೆಯುವ ಕೆಲಸ ಆಗಲೇ ಮುಗಿಯುತ್ತೆ. ವಿಂಡೋಸ್‌ನಲ್ಲೂ ಇದೇ ಅಭ್ಯಾಸ ಒಳ್ಳೆಯದು.
* ಬಿಲ್ಲಿಂಗ್ ಕಂಪ್ಯೂಟರ್‌ಗೆ ಯುಪಿಎಸ್ ಇರಲಿ. ರಾತ್ರಿ ಬಾಗಿಲು ಹಾಕುವಾಗ ಮೇನ್ ಸ್ವಿಚ್ ಆರಿಸುವ ಮುಂಚೆ ಶಟ್‌ಡೌನ್ ಮಾಡಿ.
* ಸುಮ್ಮನಿಟ್ಟ ಫೋನ್ ಬಿಸಿಯಾಗುತ್ತಿದ್ದರೆ ಸಿಸ್ಟಂ ಅಪ್‌ಡೇಟ್ ಇದೆಯಾ ನೋಡಿ. ಡ್ರೈವರ್ ತಪ್ಪುಗಳು ಸರಿಯಾಗೋದು ಅದರಲ್ಲೇ.