ಕುಂಕುಮ, ಕಾಡಿಗೆ ತಯಾರಿಕೆ: ವಿಷಾಂಶ ತಗ್ಗಿಸುವುದು ಹೇಗೆ, ಗುಣ ಉಳಿಸುವುದು ಹೇಗೆ?

ಶ್ರಾವಣ ಮಾಸ ಸಮೀಪಿಸುತ್ತಿದ್ದಂತೆ ಕುಂಕುಮ, ಕಾಡಿಗೆ, ಸಿಂಧೂರಗಳ ಬೇಡಿಕೆ ಏರುವುದು ಗ್ರಂದಿಗೆ ಅಂಗಡಿಯವರಿಗಾಗಲಿ ಫ್ಯಾನ್ಸಿ ಸ್ಟೋರ್‌ನವರಿಗಾಗಲಿ ಹೊಸ ಸಂಗತಿಯಲ್ಲ. ಬಂಡವಾಳ ಕಡಿಮೆ, ತಯಾರಿಕೆಯ ವಿಧಾನ ಸರಳ, ಮಾರಾಟ ಖಚಿತ ಎಂಬ ಕಾರಣಗಳಿಂದ ಅನೇಕ ಸಣ್ಣ ಉದ್ದಿಮೆದಾರರು ಈ ಕ್ಷೇತ್ರವನ್ನು ಆಯ್ದುಕೊಂಡಿದ್ದಾರೆ. ಆದರೆ ಬೆಲೆ ಮತ್ತು ಬಣ್ಣವನ್ನಷ್ಟೇ ನೋಡುತ್ತಿದ್ದ ಗ್ರಾಹಕರು ಈಗ ಪೊಟ್ಟಣದಲ್ಲಿ ಏನು ಬೆರೆತಿದೆ ಎಂದೂ ವಿಚಾರಿಸತೊಡಗಿದ್ದಾರೆ. ಈ ಪ್ರಶ್ನೆಗೆ ಉತ್ತರವಿಲ್ಲದ ತಯಾರಕರು ಮಾರುಕಟ್ಟೆಯಲ್ಲಿ ಉಳಿಯುವುದು ಕಷ್ಟ. ಹಾಗೆಯೇ, ವಿಷಾಂಶವನ್ನು ತೆಗೆದರೂ ಬಣ್ಣ ನಿಲ್ಲದ ಕುಂಕುಮವನ್ನಾಗಲಿ ಕರಗಿ ಹರಿಯುವ ಕಾಡಿಗೆಯನ್ನಾಗಲಿ ಗ್ರಾಹಕರು ಎರಡನೆಯ ಬಾರಿ ಕೊಳ್ಳುವುದಿಲ್ಲ. ಈ ಎರಡೂ ಅಗತ್ಯಗಳನ್ನು ಒಟ್ಟಿಗೆ ಪೂರೈಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಸಮಸ್ಯೆಯ ಸ್ವರೂಪ

2017ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸಿಂಧೂರದ 118 ಮಾದರಿಗಳ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ಇವುಗಳಲ್ಲಿ 95 ಮಾದರಿಗಳನ್ನು ನ್ಯೂಜೆರ್ಸಿಯ ಅಂಗಡಿಗಳಿಂದಲೂ 23 ಮಾದರಿಗಳನ್ನು ಮುಂಬಯಿ ಹಾಗೂ ದೆಹಲಿಯಿಂದಲೂ ಸಂಗ್ರಹಿಸಲಾಗಿತ್ತು. ಸುಮಾರು ಶೇ. 80ರಷ್ಟು ಮಾದರಿಗಳಲ್ಲಿ ಸೀಸದ ಅಂಶ ಕಂಡುಬಂದಿತು. ಹಲವು ಮಾದರಿಗಳಲ್ಲಿ ಅದು ಅಮೆರಿಕದ ಮಿತಿಯಾದ 20 ಪಿಪಿಎಂ, ಅಂದರೆ ದಶಲಕ್ಷ ಭಾಗಕ್ಕೆ 20 ಭಾಗದ ಪ್ರಮಾಣವನ್ನು ಮೀರಿತ್ತು. ಇದಕ್ಕೂ ಮೊದಲು, 2014ರಲ್ಲಿ, ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ತಾನು ಪರೀಕ್ಷಿಸಿದ ಮುಖಕಾಂತಿ ಕ್ರೀಮುಗಳಲ್ಲಿ ಶೇ. 44ರಷ್ಟರಲ್ಲಿ ಪಾದರಸವಿರುವುದನ್ನು ವರದಿ ಮಾಡಿತ್ತು.

ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದು ತಿಳಿದುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಕುಂಕುಮ ಹಚ್ಚಿದ ಕೈಯಿಂದಲೇ ತಾಯಿ ಮಗುವಿಗೆ ಉಣಿಸುತ್ತಾಳೆ. ಕಾಡಿಗೆ ಹಚ್ಚಿದ ಕಣ್ಣನ್ನು ಉಜ್ಜಿದ ಬೆರಳನ್ನು ಮಗು ಬಾಯಿಗೆ ಹಾಕಿಕೊಳ್ಳುತ್ತದೆ. ಆದ್ದರಿಂದ ಹೊರಗೆ ಹಚ್ಚುವ ವಸ್ತು ದೇಹದ ಒಳಗೆ ಹೋಗುವುದಿಲ್ಲವೆಂಬ ವಾದ ನಿಲ್ಲುವುದಿಲ್ಲ. "ಪೂಜೆಗೆ ಮಾತ್ರ" ಎಂದು ಮುದ್ರಿಸಿದ ಕುಂಕುಮವೂ ದೇವರ ಪಾದದಿಂದ ಹಣೆಗೆ ಬರುವುದು ಎಲ್ಲರಿಗೂ ತಿಳಿದ ವಿಷಯ.

ವಿಷವಸ್ತು ಸೇರಿದ್ದು ಏಕೆ?

ಹಾನಿಕರ ವಸ್ತುಗಳು ಈ ಸರಕುಗಳಲ್ಲಿ ಸೇರಿರುವುದು ವೃಥಾ ಅಲ್ಲ. ಒಂದೊಂದೂ ಒಂದು ಕೆಲಸವನ್ನು ನಿರ್ವಹಿಸುತ್ತದೆ. ಸೀಸದ ಆಕ್ಸೈಡ್ ಆದ ಕೆಂಪು ಸೀಸವು ಅಗ್ಗ. ಅದರ ಬಣ್ಣ ಉಜ್ವಲ. ಪುಡಿಗೆ ತೂಕವನ್ನೂ ಕೊಡುತ್ತದೆ. ಪಾದರಸದ ಸಂಯುಕ್ತವಾದ ಇಂಗಳೀಕವೂ ಹಿಂದೆ ಸಿಂಧೂರಕ್ಕೆ ಕೆಂಪು ಬಣ್ಣವನ್ನು ಕೊಡುತ್ತಿತ್ತು. ಕಾಂತಿವರ್ಧಕ ಕ್ರೀಮುಗಳಲ್ಲಿ ಪಾದರಸವು ಚರ್ಮದ ಕಪ್ಪು ವರ್ಣದ್ರವ್ಯದ ಉತ್ಪತ್ತಿಯನ್ನು ತಡೆಯುತ್ತದೆ. ಸುರ್ಮಾದಲ್ಲಿ ಬಳಸುವ ಸೀಸದ ಅದಿರು ಕಣ್ಣಿನಂಚಿಗೆ ಹೊಳೆಯುವ ಕಪ್ಪನ್ನು ಕೊಡುತ್ತದೆ. ಸ್ಟಿಕ್ಕರ್ ಬಿಂದಿಯ ಕೆಲವು ಅಂಟುಗಳಲ್ಲಿದ್ದ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಎಂಬ ರಾಸಾಯನಿಕವು ಅಂಟಿಗೆ ಹಿಡಿತ ಕೊಟ್ಟಿತಾದರೂ ಹಣೆಯ ಮೇಲೆ ಬಿಳಿ ಮಚ್ಚೆಗಳನ್ನು ಉಂಟುಮಾಡಿತು.

ಇದರಿಂದ ತಿಳಿಯುವುದೇನೆಂದರೆ, ವಿಷವಸ್ತುವನ್ನು ತೆಗೆದುಹಾಕಿದರಷ್ಟೇ ಸಾಲದು. ಅದು ಮಾಡುತ್ತಿದ್ದ ಕೆಲಸವನ್ನು ಗುರುತಿಸಿ, ಆ ಕೆಲಸವನ್ನು ಮಾಡಬಲ್ಲ ಮತ್ತೊಂದು ವಸ್ತುವನ್ನು ಆರಿಸಬೇಕು. ಹೆಸರನ್ನು ಮಾತ್ರ ಬದಲಿಸಿ ಹೊಸ ಸರಕನ್ನು ಮಾರುಕಟ್ಟೆಗೆ ತಂದವರು ಬೇಗನೆ ನಷ್ಟ ಅನುಭವಿಸುತ್ತಾರೆ.

ಕುಂಕುಮಕ್ಕೆ ಇರುವ ಮೂರು ದಾರಿಗಳು

ಮೊದಲನೆಯದು, ಅರಿಶಿನದಿಂದ ತಯಾರಿಸುವ ಸಾಂಪ್ರದಾಯಿಕ ಕುಂಕುಮ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಸುಣ್ಣದಂತಹ ಕ್ಷಾರದೊಡನೆ ಸೇರಿದಾಗ ಕೆಂಪಾಗುತ್ತದೆ. ಈ ಕೆಂಪಿಗೆ ಎರಡು ದೌರ್ಬಲ್ಯಗಳಿವೆ. ಬಿಸಿಲಿಗೆ ಅದು ಮಾಸುತ್ತದೆ. ಆಮ್ಲೀಯ ಗುಣದ ಬೆವರು ತಗುಲಿದರೆ ಹಳದಿಯತ್ತ ತಿರುಗುತ್ತದೆ. ಆದುದರಿಂದ ಇದನ್ನು ಬೆಳಕು ತೂರದ ಡಬ್ಬಿಯಲ್ಲಿ, ಸಣ್ಣ ಅಳತೆಯಲ್ಲಿ, ಕಡಿಮೆ ಬಾಳಿಕೆಯ ಅವಧಿ ನಮೂದಿಸಿ ಮಾರುವುದು ವಿಹಿತ. ಅಂಗಡಿಯ ಮುಂಭಾಗದಲ್ಲಿ ಗಾಜಿನ ಭರಣಿಯಲ್ಲಿಟ್ಟರೆ ಸರಕು ಕೆಡುತ್ತದೆ.

ಎರಡನೆಯದು, ಕಬ್ಬಿಣದ ಆಕ್ಸೈಡ್. ಇದು ಬಿಸಿಲಿಗೂ ಬೆವರಿಗೂ ಜಗ್ಗುವುದಿಲ್ಲ. ಕಣ್ಣಿನ ಸುತ್ತ ಬಳಸಲೂ ಯೋಗ್ಯ. ಆದರೆ ಇದರ ಕೆಂಪು ಇಟ್ಟಿಗೆಯ ಬಣ್ಣವನ್ನು ಹೋಲುತ್ತದೆ. ಮದುವೆಯ ಕುಂಕುಮದ ಉಜ್ವಲತೆ ಬರುವುದಿಲ್ಲ. ಗಾರೆ ನೆಲಕ್ಕೆ ಬಳಸುವ ರೆಡ್ ಆಕ್ಸೈಡ್ ಬೇರೆ, ಪ್ರಸಾಧನ ದರ್ಜೆಯ ಶುದ್ಧ ಆಕ್ಸೈಡ್ ಬೇರೆ ಎಂಬುದನ್ನು ಮರೆಯಬಾರದು. ಮೊದಲನೆಯದರಲ್ಲಿ ಭಾರಲೋಹಗಳಿಗೆ ಕಡಿವಾಣವಿಲ್ಲ.

ಮೂರನೆಯದು, ಭಾರತೀಯ ಮಾನಕ ಐಎಸ್ 4707ರ ಮೊದಲ ಭಾಗದಲ್ಲಿ ಅನುಮತಿ ಪಡೆದಿರುವ ಕೃತಕ ಬಣ್ಣಗಳು. ಇವುಗಳಲ್ಲಿ ಉಜ್ವಲವಾದ ಕೆಂಪು ದೊರೆಯುತ್ತದೆ. ಬಟ್ಟೆಗೆ ಹಾಕುವ ಬಣ್ಣ ಇವುಗಳಿಗೆ ಬದಲಿಯಾಗಲಾರದು. ಅನುಭವಿ ತಯಾರಕರು ಆಕ್ಸೈಡನ್ನು ತಳಹದಿಯಾಗಿಸಿ, ಅನುಮತಿ ಪಡೆದ ಬಣ್ಣವನ್ನು ಸ್ವಲ್ಪ ಬೆರೆಸಿ, ಬಾಳಿಕೆ ಮತ್ತು ಹೊಳಪು ಎರಡನ್ನೂ ಪಡೆಯಬಹುದು.

"ಸಹಜ" ಎಂಬ ಮಾತಿನ ಮಿತಿ

ಅರಿಶಿನದ್ದೆಂದ ಮಾತ್ರಕ್ಕೆ ಕುಂಕುಮ ನಿರಪಾಯಕಾರಿ ಎಂದು ತಿಳಿಯುವುದು ತಪ್ಪು. ಕೊಂಬಿಗೆ ಹೊಳಪು ಕೊಡುವಾಗ ಹಳದಿ ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸುವ ದುಷ್ಟ ಪದ್ಧತಿ ದಕ್ಷಿಣ ಏಷ್ಯಾದ ಹಲವೆಡೆ ಕಂಡುಬಂದಿದೆ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಶೇ. 47ರಷ್ಟು ಅರಿಶಿನ ಮಾದರಿಗಳಲ್ಲಿ ಸೀಸವಿತ್ತು. ಸರ್ಕಾರದ ಕಠಿಣ ಕ್ರಮದ ಬಳಿಕ 2021ರಲ್ಲಿ ಅದು ಶೂನ್ಯಕ್ಕೆ ಇಳಿಯಿತು. ಸಮಸ್ಯೆ ದೊಡ್ಡದಾದರೂ ಪರಿಹಾರ ಅಸಾಧ್ಯವಲ್ಲವೆಂಬುದಕ್ಕೆ ಇದೇ ಸಾಕ್ಷಿ. ಕುಂಕುಮ ತಯಾರಕರು ಪುಡಿಯನ್ನಾಗಲಿ ಹೊಳಪು ಕೊಟ್ಟ ಕೊಂಬನ್ನಾಗಲಿ ಕೊಳ್ಳುವ ಬದಲು, ಬೆಳೆಗಾರರಿಂದ ಹೊಳಪು ಕೊಡದ ಕೊಂಬನ್ನು ನೇರವಾಗಿ ಕೊಂಡು ತಮ್ಮಲ್ಲೇ ಬೀಸಿಸುವುದು ಕ್ಷೇಮ. ಅರಿಶಿನ ಬೆಳೆಯುವ ಚಾಮರಾಜನಗರದಂತಹ ಜಿಲ್ಲೆಗಳು ರಾಜ್ಯದಲ್ಲಿಯೇ ಇರುವುದರಿಂದ ಇದು ಕಷ್ಟಸಾಧ್ಯವೇನಲ್ಲ.

ಅದೇ ರೀತಿ, ಅರಿಶಿನಕ್ಕೆ ಕೆಂಪು ಬರಿಸಲು ಬಿಳಿಗಾರ ಬಳಸುವ ಪದ್ಧತಿಯೂ ಹಳೆಯದೇ. ಆದರೆ ಐರೋಪ್ಯ ಒಕ್ಕೂಟವು 2019ರಲ್ಲಿ ಬೋರೇಟ್‌ಗಳನ್ನು ಪ್ರಸಾಧನಗಳಲ್ಲಿ ನಿಷೇಧಿತ ವಸ್ತುಗಳ ಪಟ್ಟಿಗೆ ಸೇರಿಸಿದೆ. ಪದ್ಧತಿ ಹಳೆಯದೆಂಬ ಕಾರಣಕ್ಕೆ ವಿನಾಯಿತಿ ಸಿಗುವುದಿಲ್ಲ.

ಕಾಡಿಗೆಯ ವಿಚಾರ

ಕಾಡಿಗೆಗೆ ಹರಳೆಣ್ಣೆ ಅಥವಾ ತುಪ್ಪದ ದೀಪದ ಮಸಿ ಬಳಸುವುದು ರೂಢಿ. ಇದರಲ್ಲಿ ಸೀಸವಿರುವುದಿಲ್ಲವಾದರೂ, ಅರೆಬರೆ ಉರಿದ ಎಣ್ಣೆಯ ಹೊಗೆಯಲ್ಲಿ ಹಾನಿಕರ ಇಂಗಾಲದ ಸಂಯುಕ್ತಗಳು ಉಳಿಯಬಹುದು. ಕಪ್ಪು ಕಬ್ಬಿಣದ ಆಕ್ಸೈಡ್ ಇದಕ್ಕೆ ಹೆಚ್ಚು ನೆಚ್ಚಿನ ಬದಲಿ. ಕಾಡಿಗೆ ಹರಡುವುದು ಬಣ್ಣದ ದೋಷವಲ್ಲ. ಎಣ್ಣೆ ಮತ್ತು ಮೇಣದ ಪ್ರಮಾಣದ ದೋಷ. ಜೇನುಮೇಣ ಅಥವಾ ಕಾರ್ನೌಬಾ ಮೇಣದ ಪ್ರಮಾಣವನ್ನು ಹಂತಹಂತವಾಗಿ ಹೆಚ್ಚಿಸಿ ನೋಡಿದರೆ ಬೇಸಿಗೆಯಲ್ಲೂ ಕರಗದ ಹದ ಸಿಗುತ್ತದೆ.

ಸಂರಕ್ಷಕ ರಾಸಾಯನಿಕವಿಲ್ಲದ್ದು ಎಂದು ಹೆಮ್ಮೆಯಿಂದ ಮುದ್ರಿಸುವ ಮುನ್ನ ಯೋಚಿಸಬೇಕು. ನೀರಿನಂಶವಿಲ್ಲದ ಮೇಣದ ಕಾಡಿಗೆಯಲ್ಲಿ ಸೂಕ್ಷ್ಮಜೀವಿಗಳು ಸುಲಭವಾಗಿ ಬೆಳೆಯವು. ನೀರು ಬೆರೆತ ದ್ರವ ಕಾಡಿಗೆ, ದ್ರವ ಬಿಂದಿಗಳಲ್ಲಿ ಮಾತ್ರ ಸಂರಕ್ಷಕವಿಲ್ಲದಿದ್ದರೆ ಕಣ್ಣಿನ ಸೋಂಕು ತಗುಲುವ ಅಪಾಯವಿದೆ. ಇಲ್ಲಿ ಸಂರಕ್ಷಕವನ್ನು ಬಿಡುವುದಲ್ಲ, ಮಿತಿಯೊಳಗೆ ಬಳಸುವುದು ಸರಿಯಾದ ಮಾರ್ಗ.

ಕಾನೂನು ಏನನ್ನುತ್ತದೆ?

1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮದ ಅಡಿಯಲ್ಲಿ 2020ರ ಡಿಸೆಂಬರ್‌ನಲ್ಲಿ ಪ್ರತ್ಯೇಕ ಪ್ರಸಾಧನ ನಿಯಮಗಳು ಜಾರಿಗೆ ಬಂದವು. ಬಣ್ಣಕ್ಕಾಗಿ ಸೀಸ ಅಥವಾ ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವುದು ನಿಷಿದ್ಧ. ಅನುಮತಿ ಪಡೆದ ಬಣ್ಣಗಳಲ್ಲಿಯೂ ಸೀಸ 20 ಪಿಪಿಎಂ, ಆರ್ಸೆನಿಕ್ 2 ಪಿಪಿಎಂ ಮೀರುವಂತಿಲ್ಲ. ಉದ್ದೇಶಪೂರ್ವಕವಲ್ಲದೆ ಸೇರಿದ ಪಾದರಸವು ಕಣ್ಣಿನ ಪ್ರಸಾಧನಗಳಲ್ಲಿ 70 ಪಿಪಿಎಂ, ಉಳಿದವುಗಳಲ್ಲಿ 1 ಪಿಪಿಎಂ ಮೀರಬಾರದು. ಕುಂಕುಮಕ್ಕೆ ಐಎಸ್ 10999, ಸಿಂಧೂರಕ್ಕೆ ಐಎಸ್ 14649, ಕಾಡಿಗೆಗೆ ಐಎಸ್ 15154, ದ್ರವ ಬಿಂದಿಗೆ ಐಎಸ್ 10998 ಮಾನಕಗಳಿವೆ. ಹೊಸ ಘಟಕ ಆರಂಭಿಸುವವರು ಮೊದಲು ಇವುಗಳ ಪ್ರತಿಯನ್ನು ಪಡೆದು ಓದುವುದು ಅವಶ್ಯ.

ಅನೇಕರು ಅರಿಯದೆ ಎಡವುವ ಒಂದು ಅಂಶವಿದೆ. ಅಧಿನಿಯಮದ ಪ್ರಕಾರ ಮಾರಾಟದ ಉದ್ದೇಶದಿಂದ ಪ್ಯಾಕ್ ಮಾಡುವುದು, ಲೇಬಲ್ ಅಂಟಿಸುವುದು ಕೂಡ "ತಯಾರಿಕೆ"ಯೇ. ಚಿಲ್ಲರೆ ವ್ಯಾಪಾರದ ಸಾಮಾನ್ಯ ಕ್ರಮದಲ್ಲಿ ಕಟ್ಟಿಕೊಡುವುದಕ್ಕೆ ಮಾತ್ರ ವಿನಾಯಿತಿಯಿದೆ. ಚೀಲಗಟ್ಟಲೆ ಕುಂಕುಮವನ್ನು ತರಿಸಿ, ಸ್ವಂತ ಹೆಸರಿನ ಪೊಟ್ಟಣ ಮಾಡಿ ಸಗಟಾಗಿ ಹಂಚುವವರು ತಯಾರಕರ ಹೊಣೆಯನ್ನೇ ಹೊರುತ್ತಾರೆ. ಅದಕ್ಕೆ ಪರವಾನಗಿ ಬೇಕು.

ಕೇವಲ ಮಾರುವ ವರ್ತಕರಿಗೆ ಅಧಿನಿಯಮದ 19ನೆಯ ಕಲಮು ಒಂದು ರಕ್ಷಣೆ ನೀಡುತ್ತದೆ. ಸರಕನ್ನು ಪರವಾನಗಿಯುಳ್ಳ ತಯಾರಕರು ಅಥವಾ ವಿತರಕರಿಂದ ಕೊಂಡುದನ್ನು, ದೋಷವು ತಕ್ಕ ಎಚ್ಚರಿಕೆ ವಹಿಸಿದ್ದರೂ ತಿಳಿಯುವಂತಿರಲಿಲ್ಲವೆಂಬುದನ್ನು, ಸರಕನ್ನು ಸರಿಯಾಗಿ ಸಂಗ್ರಹಿಸಿ ಕೊಂಡ ಸ್ಥಿತಿಯಲ್ಲಿಯೇ ಇಟ್ಟಿದ್ದುದನ್ನು ಅವರು ರುಜುವಾತುಪಡಿಸಬೇಕು. ಬಿಲ್ಲಿಲ್ಲದೆ ಅಗ್ಗಕ್ಕೆ ಕೊಂಡವರಿಗೆ ಈ ರಕ್ಷಣೆ ದಕ್ಕುವುದಿಲ್ಲ. ಪೊಟ್ಟಣದ ಮೇಲೆ ತಯಾರಕರ ಹೆಸರು, ಘಟಕದ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ, ಘಟಕವಸ್ತುಗಳ ವಿವರ ಇವೆಯೇ ಎಂದು ನೋಡಿ ಕೊಳ್ಳುವುದು, ಬಿಲ್ಲನ್ನು ಕಾಪಾಡುವುದು, ಇವೇ ಅಗ್ಗದ ವಿಮೆ.

ರಫ್ತು ಮಾಡುವವರಿಗೆ

ಅಮೆರಿಕದಲ್ಲಿ 2022ರಲ್ಲಿ ಅಂಗೀಕಾರವಾದ ಪ್ರಸಾಧನ ಕಾಯಿದೆಯು ಘಟಕದ ನೋಂದಣಿ ಮತ್ತು ಉತ್ಪನ್ನಗಳ ಪಟ್ಟಿ ಸಲ್ಲಿಕೆಯನ್ನು ಕಡ್ಡಾಯಗೊಳಿಸಿದೆ. ಅಲ್ಲಿನ ವಾರ್ಷಿಕ ಸರಾಸರಿ ಮಾರಾಟ ಹತ್ತು ಲಕ್ಷ ಡಾಲರಿಗಿಂತ ಕಡಿಮೆಯಿರುವ ಸಣ್ಣ ಉದ್ಯಮಗಳಿಗೆ ಇದರಿಂದ ವಿನಾಯಿತಿಯಿದೆ. ಆದರೆ ಕಣ್ಣಿನ ಒಳಪೊರೆಗೆ ತಾಗುವ ಪ್ರಸಾಧನಗಳಿಗೆ ಈ ವಿನಾಯಿತಿ ಅನ್ವಯಿಸದು. ಕಣ್ಣಿನ ಒಳಂಚಿಗೆ ಹಚ್ಚುವ ಕಾಡಿಗೆ ಇಂತಹುದೇ ಆದ್ದರಿಂದ ಅದನ್ನು ಕಳುಹಿಸುವವರು ಎಷ್ಟೇ ಸಣ್ಣವರಾದರೂ ನೋಂದಣಿ ತಪ್ಪದು. ಅಲ್ಲಿ ಸುರ್ಮಾದ ಸೀಸದ ಅದಿರಿಗೂ ದೀಪದ ಮಸಿಗೂ ಬಣ್ಣದ ವಸ್ತುವಾಗಿ ಅನುಮತಿಯಿಲ್ಲ. ಕಪ್ಪು ಕಬ್ಬಿಣದ ಆಕ್ಸೈಡಿಗೆ ಇದೆ.

ಘಟಕದಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

ಸೀಸ, ಪಾದರಸಗಳನ್ನು ಕಣ್ಣಿನಿಂದಾಗಲಿ ಮೂಗಿನಿಂದಾಗಲಿ ಗುರುತಿಸಲು ಸಾಧ್ಯವಿಲ್ಲ. ಅದಕ್ಕೆ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯವೇ ಬೇಕು. ತಯಾರಾದ ಸರಕಿಗಿಂತ ಮೊದಲು ಬಣ್ಣದ ಪ್ರತಿ ಹೊಸ ಬ್ಯಾಚನ್ನು ಪರೀಕ್ಷೆ ಮಾಡಿಸುವುದು ಲಾಭಕರ. ಒಂದು ಚೀಲ ಕೆಟ್ಟ ಬಣ್ಣ ಸಾವಿರಾರು ಡಬ್ಬಿಗಳನ್ನು ಹಾಳುಮಾಡಬಲ್ಲದು.

ಗುಣದ ಪರೀಕ್ಷೆಯನ್ನು ಮಾತ್ರ ಘಟಕದಲ್ಲಿಯೇ ನಡೆಸಬಹುದು. ಬಿಳಿ ಕಾಗದದ ಮೇಲೆ ಕುಂಕುಮವನ್ನು ಹರಡಿ, ಅರ್ಧ ಭಾಗವನ್ನು ಮುಚ್ಚಿ ಒಂದು ವಾರ ಬಿಸಿಲಿಗಿಟ್ಟರೆ ಬಣ್ಣ ಮಾಸುವಿಕೆ ತಿಳಿಯುತ್ತದೆ. ಒಂದು ಹನಿ ನಿಂಬೆರಸ ಹಾಕಿದರೆ ಆಮ್ಲಕ್ಕೆ ಅದು ಹೇಗೆ ವರ್ತಿಸುತ್ತದೆಂದು ಕಾಣುತ್ತದೆ. ಕಾಡಿಗೆಯನ್ನು 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ದಿನ ಇಟ್ಟು ಎಣ್ಣೆ ಬೇರ್ಪಡುವುದೇ ಎಂದು ನೋಡಬೇಕು. ಹಳೆಯ ಸರಕು ಮತ್ತು ಹೊಸ ಸರಕನ್ನು ಅಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿ, ಫಲಿತಾಂಶವನ್ನು ಬ್ಯಾಚ್ ಸಂಖ್ಯೆಯೊಡನೆ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

ಶುದ್ಧ ಬಣ್ಣಕ್ಕೂ ಪರೀಕ್ಷೆಗೂ ವೆಚ್ಚ ತಗಲುವುದು ನಿಜ; ಬೆಲೆ ಅಲ್ಪಸ್ವಲ್ಪ ಏರುವುದೂ ನಿಜ. ಆದರೆ ಕುಂಕುಮವು ಚಿಟಿಕೆಯ ಲೆಕ್ಕದಲ್ಲಿ ಬಳಕೆಯಾಗುವ ವಸ್ತು. ಒಂದು ಡಬ್ಬಿಯ ಮೇಲಿನ ಹೆಚ್ಚುವರಿ ಬೆಲೆ ಗೃಹಿಣಿಗೆ ಹೊರೆಯಾಗದು. ಪರೀಕ್ಷಾ ವರದಿಯನ್ನು ತೋರಿಸಬಲ್ಲ ತಯಾರಕರ ಸರಕನ್ನು ಅಂಗಡಿಯವರೂ ಧೈರ್ಯವಾಗಿ ಕೈಗಿತ್ತು ಮಾರಬಲ್ಲರು. ಮುತ್ತೈದೆಯ ಹಣೆಗೂ ಮಗುವಿನ ಕಣ್ಣಿಗೂ ತಲುಪುವ ಸರಕಿನ ವ್ಯಾಪಾರ ನಿಂತಿರುವುದು ನಂಬಿಕೆಯ ಮೇಲೆ. ಆ ನಂಬಿಕೆಗೆ ಆಧಾರವನ್ನು ಒದಗಿಸುವ ಕೆಲಸ ಮುಂದಿನ ಬ್ಯಾಚಿನ ಕಚ್ಚಾವಸ್ತು ಖರೀದಿಯಿಂದಲೇ ಆರಂಭವಾಗಬೇಕು.